ಸಾಕ್ಷಿಯ ಮಾತು ಕೇಳಿಸಿಕೊಂಡ ನ್ಯಾಯಾಧೀಶೆ: ನವಿ ಪಿಳ್ಳೈ

1997ರ ಜನವರಿಯಲ್ಲಿ ಟಾಂಜಾನಿಯಾದ ಅರುಷಾ ನಗರದಲ್ಲಿ, ವಿಶ್ವಸಂಸ್ಥೆಯ ರುವಾಂಡಾ ನ್ಯಾಯಮಂಡಳಿಯ ಮುಂದೆ, ಜಾನ್ ಪಾಲ್ ಅಕಾಯೆಸು ಎಂಬಾತನ ವಿಚಾರಣೆ ಶುರುವಾಯಿತು. ಈತ ರುವಾಂಡಾದ ಟಾಬಾ ಪ್ರದೇಶದ ಮೇಯರ್ ಆಗಿದ್ದವನು, ಅದಕ್ಕೂ ಮೊದಲು ಶಾಲಾ ಮೇಷ್ಟ್ರು. 1994ರ ಜನಾಂಗಹತ್ಯೆಯ ವೇಳೆ ಅವನ ಆಡಳಿತದಲ್ಲಿದ್ದ ಊರುಗಳಲ್ಲಿ ಟುಟ್ಸಿ ಸಮುದಾಯದ ಕನಿಷ್ಠ 2000 ಜನರ ಕೊಲೆಯಾಗಿದೆ ಎಂಬುದು ಆರೋಪ. ಹನ್ನೆರಡು ಆರೋಪಗಳ ಆ ಪಟ್ಟಿಯಲ್ಲಿ ಅತ್ಯಾಚಾರದ ಸುದ್ದಿಯೇ ಇರಲಿಲ್ಲ.

ಸಾಕ್ಷಿಗಳ ಜೀವಕ್ಕೆ ಅಪಾಯವಿದ್ದುದರಿಂದ ಅವರ ಹೆಸರು ಮರೆಮಾಚಿ ಒಂದೊಂದು ಅಕ್ಷರದಿಂದ ಕರೆಯುತ್ತಿದ್ದರು. 'ಸಾಕ್ಷಿ ಜೆ' ಎಂಬ ಹೆಂಗಸು ಕೊಲೆಗಳ ವಿಷಯ ಹೇಳಲು ಬಂದವಳು. ಹೇಳುತ್ತ ಹೇಳುತ್ತ, ಆರು ವರ್ಷದ ತನ್ನ ಮಗಳ ಮೇಲೆ ಮೂವರು ಅತ್ಯಾಚಾರ ಮಾಡಿದರೆಂದಳು. ಟಾಬಾದ ಸರ್ಕಾರಿ ಕಚೇರಿಯ ಆವರಣದಲ್ಲೂ ಹುಡುಗಿಯರ ಮೇಲೆ ಹೀಗೇ ಆಯಿತೆಂದು ಕೇಳಿದ್ದೇನೆ ಎಂದಳು. ಮೂವರು ನ್ಯಾಯಾಧೀಶರ ಪೀಠದಲ್ಲಿದ್ದ ಒಬ್ಬರೇ ಮಹಿಳೆ ನವಿ ಪಿಳ್ಳೈ. ಆ ಮಾತು ಅಲ್ಲಿಗೇ ಬಿದ್ದುಹೋಗಲು ಅವರು ಬಿಡಲಿಲ್ಲ, ಪೀಠದಿಂದ ಪ್ರಶ್ನೆಗಳು ಬಂದವು. ಮುಂದೆ 'ಸಾಕ್ಷಿ ಎಚ್' ತನ್ನ ಮೇಲೆಯೇ ನಡೆದ ಅತ್ಯಾಚಾರವನ್ನು ಹೇಳಿದಳು. ಮಹಿಳಾ ಸಂಘಟನೆಗಳೂ ಒತ್ತಾಯಿಸಿದವು. ಜೂನ್‌ನಲ್ಲಿ ಪ್ರಾಸಿಕ್ಯೂಟರ್ ಆರೋಪಪಟ್ಟಿಗೆ ಲೈಂಗಿಕ ಹಿಂಸೆಯ ಮೂರು ಆರೋಪ ಸೇರಿಸಿದರು. ನ್ಯಾಯದಾನದ ವೃತ್ತಿಯ ಬಗ್ಗೆ ತಿಳಿಯಬಯಸುವವರು ಮೊದಲು ಗಮನಿಸಬೇಕಾದದ್ದು ಇದನ್ನೇ ಎಂದು ನನಗನ್ನಿಸುತ್ತದೆ. ಒಪ್ಪಂದಗಳು, ಕಲಮುಗಳು ಎಷ್ಟೇ ಇರಲಿ, ನೊಂದವರು ಬಾಯಿಬಿಟ್ಟಾಗ ಕೇಳಿಸಿಕೊಳ್ಳುವವರು ಎದುರಿಗಿರಬೇಕು.

ಕೇಳಿಸಿಕೊಳ್ಳುವ ಈ ಗುಣ ಪಿಳ್ಳೈ ಅವರಿಗೆ ಬಂದದ್ದು ಡರ್ಬನ್‌ನಿಂದ. 1941ರಲ್ಲಿ ಹುಟ್ಟಿದ ಅವರು ದಕ್ಷಿಣ ಆಫ್ರಿಕಾಕ್ಕೆ ವಲಸೆ ಹೋದ ತಮಿಳು ಮೂಲದ ಕುಟುಂಬದವರು, ತಂದೆ ಬಸ್ ಚಾಲಕ. ಊರಿನ ಭಾರತೀಯರು ಚಂದಾ ಎತ್ತಿ ಅವರನ್ನು ಓದಿಸಿದರು. ಕಾನೂನು ಪದವಿ ಬಂದರೂ ಬಿಳಿಯರ ವಕೀಲಿ ಸಂಸ್ಥೆಗಳಲ್ಲಿ ಕಪ್ಪು ಹೆಣ್ಣಿಗೆ ಕೆಲಸವಿರಲಿಲ್ಲ. 1967ರಲ್ಲಿ ಸ್ವಂತ ಕಚೇರಿ ತೆರೆದರು. ನೇಟಾಲ್ ಪ್ರಾಂತದಲ್ಲಿ ಹಾಗೆ ಕಚೇರಿ ತೆರೆದ ಬಿಳಿಯರಲ್ಲದ ಮೊದಲ ಮಹಿಳೆ ಅವರೇ. ವರ್ಣಭೇದ ನೀತಿಯ ವಿರುದ್ಧ ಹೋರಾಡಿ ಬಂಧನಕ್ಕೊಳಗಾದವರ ಪರ ವಕಾಲತ್ತು ವಹಿಸಿದರು. ಪತಿಯನ್ನೇ ಪೊಲೀಸರು ಹಿಡಿದೊಯ್ದಾಗ, ವಿಚಾರಣೆಯ ಹೆಸರಿನಲ್ಲಿ ಹಿಂಸಿಸಬಾರದೆಂದು ಕೋರ್ಟಿನಿಂದ ಆದೇಶ ತಂದರು. 1973ರಲ್ಲಿ ರಾಬೆನ್ ದ್ವೀಪದ ರಾಜಕೀಯ ಕೈದಿಗಳಿಗೆ ವಕೀಲರನ್ನು ಕಾಣುವ ಹಕ್ಕು ದೊರಕಿಸಿಕೊಟ್ಟರು. ನೆಲ್ಸನ್ ಮಂಡೇಲಾ ಆಗ ಅಲ್ಲೇ ಇದ್ದರು. ಆ ವರ್ಷಗಳಲ್ಲಿ ನ್ಯಾಯಾಧೀಶರ ಕೊಠಡಿಯೊಳಗೆ ಕಾಲಿಡಲೂ ಅವರಿಗೆ ಅವಕಾಶವಿರಲಿಲ್ಲ. 1995ರಲ್ಲಿ ಅದೇ ದೇಶದ ಹೈಕೋರ್ಟಿನ ಪೀಠದಲ್ಲಿ ಕೂತರು, ಅದೇ ವರ್ಷ ವಿಶ್ವಸಂಸ್ಥೆ ಅವರನ್ನು ರುವಾಂಡಾ ನ್ಯಾಯಮಂಡಳಿಗೆ ಆರಿಸಿತು.

ಅಕಾಯೆಸು ಪ್ರಕರಣದ ತೀರ್ಪು 1998ರ ಸೆಪ್ಟೆಂಬರ್ 2ರಂದು ಬಂತು. 1948ರ ಜನಾಂಗಹತ್ಯೆ ಒಪ್ಪಂದದ ವ್ಯಾಖ್ಯೆಯಂತೆ ಒಬ್ಬನನ್ನು ಜನಾಂಗಹತ್ಯೆಯ ಅಪರಾಧಿಯೆಂದು ಅಂತರರಾಷ್ಟ್ರೀಯ ನ್ಯಾಯಾಲಯವೊಂದು ವಿಚಾರಣೆ ನಡೆಸಿ ಘೋಷಿಸಿದ ಮೊದಲ ತೀರ್ಪು ಅದು. ಕೊಲ್ಲುವುದಷ್ಟೇ ಅಲ್ಲ, ಒಂದು ಸಮುದಾಯವನ್ನು ಅಳಿಸುವ ಉದ್ದೇಶದಿಂದ ಅದರ ಜನರಿಗೆ ಗಂಭೀರ ದೈಹಿಕ ಅಥವಾ ಮಾನಸಿಕ ಹಾನಿ ಮಾಡುವುದೂ ಜನಾಂಗಹತ್ಯೆಯೇ ಎಂದು ಆ ಒಪ್ಪಂದ ಹೇಳುತ್ತದೆ. ಟುಟ್ಸಿ ಹೆಂಗಸರ ಮೇಲಿನ ಅತ್ಯಾಚಾರವನ್ನು ಪೀಠ ಈ ಮಾತಿನೊಳಗೆ ತಂದಿತು. ಅಲ್ಲಿಯವರೆಗೆ ಯುದ್ಧದಲ್ಲಿ ಇದೆಲ್ಲ ಇದ್ದದ್ದೇ ಎಂದು ಪಕ್ಕಕ್ಕೆ ಸರಿಸುತ್ತಿದ್ದ ಕೃತ್ಯ, ಸಮುದಾಯವನ್ನು ನಾಶ ಮಾಡುವ ಸಾಧನವೇ ಎಂದು ದಾಖಲಾಯಿತು. ಅತ್ಯಾಚಾರಕ್ಕೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ವ್ಯಾಖ್ಯೆಯೇ ಇರಲಿಲ್ಲ, ಅದನ್ನೂ ಈ ತೀರ್ಪೇ ಬರೆಯಿತು. ಬಲವಂತ ಎಂದರೆ ಮೈಮೇಲೆ ಕೈಮಾಡುವುದೊಂದೇ ಅಲ್ಲ, ಬಂದೂಕು ಹಿಡಿದವರ ನಡುವೆ ಇರುವುದೇ ಬಲವಂತವಾಗಬಹುದು ಎಂದಿತು. ಅಕಾಯೆಸುವಿಗೆ ಜೀವಾವಧಿ ಶಿಕ್ಷೆಯಾಯಿತು.

ಒಂದು ಕೊರತೆ ಮಾತ್ರ ಉಳಿಯಿತು. ತಪ್ಪಿತಸ್ಥರನ್ನು ಜೈಲಿಗೆ ಕಳಿಸಬಹುದಿದ್ದ ಆ ನ್ಯಾಯಮಂಡಳಿಗೆ ನೊಂದವರಿಗೆ ಪರಿಹಾರ ಕೊಡಿಸುವ ಅಧಿಕಾರ ಇರಲಿಲ್ಲ. ಇದರ ನೋವು ಪಿಳ್ಳೈ ಅವರಿಗೆ ಗೊತ್ತಿಲ್ಲದ್ದಲ್ಲ. ತಂದೆಯ ತಿಂಗಳ ಸಂಬಳ 5 ಪೌಂಡ್ ಕಳುವಾದ ಪ್ರಕರಣದಲ್ಲಿ ಆರನೇ ವಯಸ್ಸಿನಲ್ಲೇ ಅವರು ಸಾಕ್ಷಿ ಹೇಳಿದ್ದರು. ಕಳ್ಳನಿಗೆ ಶಿಕ್ಷೆಯಾಯಿತು, ದುಡ್ಡು ವಾಪಸ್ ಬರಲಿಲ್ಲ. ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಕಾನೂನು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು: ಅಲ್ಲಿ ನೊಂದವರು ತಮ್ಮದೇ ವಕೀಲರ ಮೂಲಕ ವಿಚಾರಣೆಯಲ್ಲಿ ಪಾಲ್ಗೊಳ್ಳಬಹುದು, ಪರಿಹಾರವನ್ನೂ ಕೇಳಬಹುದು. 2003ರಲ್ಲಿ ಆ ನ್ಯಾಯಾಲಯದ ಮೊದಲ 18 ನ್ಯಾಯಾಧೀಶರಲ್ಲಿ ಪಿಳ್ಳೈ ಒಬ್ಬರಾದರು.

ಭಾರತ ಆ ನ್ಯಾಯಾಲಯದ ಸದಸ್ಯ ದೇಶವಲ್ಲ. ಜನಾಂಗಹತ್ಯೆಯ ಒಪ್ಪಂದವನ್ನು 1959ರಲ್ಲೇ ಒಪ್ಪಿಕೊಂಡರೂ ಅದಕ್ಕೆ ತಕ್ಕ ಪ್ರತ್ಯೇಕ ಕಾನೂನನ್ನು ನಾವಿನ್ನೂ ಮಾಡಿಲ್ಲ. ಮಾಡಬೇಕಿತ್ತು. ನಮ್ಮ ಕಾನೂನು ಕಾಲೇಜುಗಳ ಹುಡುಗ ಹುಡುಗಿಯರು ಅಕಾಯೆಸು ತೀರ್ಪನ್ನು ಓದುವಾಗ ಅದೇಕೆ ಆಗಿಲ್ಲ ಎಂದೂ ಕೇಳಬೇಕು.

2008ರಿಂದ 2014ರವರೆಗೆ ಪಿಳ್ಳೈ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಆಗಿದ್ದರು. ಆಮೇಲೂ ಸುಮ್ಮನಿರಲಿಲ್ಲ. ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ವಿಚಾರಣಾ ಆಯೋಗ 2025ರ ಸೆಪ್ಟೆಂಬರ್‌ನಲ್ಲಿ ಗಾಜಾ ಕುರಿತ ವರದಿ ಕೊಟ್ಟಿತು. 1948ರ ಒಪ್ಪಂದ ಹೆಸರಿಸುವ ಐದು ಕೃತ್ಯಗಳಲ್ಲಿ ನಾಲ್ಕನ್ನು ಇಸ್ರೇಲ್ ಎಸಗಿದೆ ಎಂಬುದು ಆಯೋಗದ ತೀರ್ಮಾನ. ಇಸ್ರೇಲ್ ಅದನ್ನು ಸಾರಾಸಗಟಾಗಿ ತಳ್ಳಿಹಾಕಿತು. ವರದಿ ಮಂಡಿಸಿದಾಗ ಪಿಳ್ಳೈ ಅವರಿಗೆ 84 ತುಂಬಲು ಒಂದು ವಾರ ಬಾಕಿಯಿತ್ತು.