ಕಾಲೇಜು ವಿದ್ಯೆಗೆ ದ್ರವ್ಯಸಹಾಯ

ಆಷಾಢ ಮಾಸವು ಸಮೀಪಿಸಿತೆಂದರೆ ನಮ್ಮ ಮನೆಯ ಜಗುಲಿಗೆ ತಂದೆತಾಯಂದಿರು ಬರತೊಡಗುವರು. ಕೆಲವರು ಬೀದರ ನಗರದವರು. ಬಹುಮಂದಿ ಭಾಲ್ಕಿ, ಔರಾದ ಕಡೆಯ ಒಕ್ಕಲು ಮಕ್ಕಳು. ಎಲ್ಲರದೂ ಒಂದೇ ಪ್ರಶ್ನೆ: “ಮಾಸ್ತರರೆ, ಮಗು ಪಾಸಾಯಿತು, ಮುಂದಿನ ಖರ್ಚಿಗೆ ಏನು ಮಾಡುವದು?”

ವಿದ್ಯಾರ್ಥಿಯ ಅನ್ನದ ಭಾರವನ್ನು ಪರರು ಹೊರುವದು ನಮ್ಮ ಸೀಮೆಗೆ ಹೊಸದಲ್ಲ. 1472ರಲ್ಲಿ ಪೂರ್ಣವಾದ ಮಹಮೂದ ಗವಾನನ ಮದರಸೆಯಲ್ಲಿ ವಿದ್ಯಾರ್ಥಿಗಳಿಗೆ ವಸತಿಯೂ ಊಟವೂ ಉಚಿತವಾಗಿದ್ದವು. ನಿಜಾಮರ ಆಳಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಜೋಳಿಗೆ ಹಿಡಿದು ಬೇಡಿ ತಂದು ಬಡಮಕ್ಕಳಿಗೆ ಉಣಿಸಿದರು. ವಾರಾನ್ನದಿಂದ ಓದಿದ ಹಿರಿಯರನ್ನು ನಾವೇ ಬಲ್ಲೆವು. ಈಗ ಜೋಳಿಗೆಯ ಸ್ಥಾನದಲ್ಲಿ ಗಣಕಯಂತ್ರವು ಬಂದು ಕುಳಿತಿದೆ. ಜೋಳಿಗೆಗೆ ಹೆಸರಿನ ಕಾಗುಣಿತವು ಬೇಕಿರಲಿಲ್ಲ, ಇದಕ್ಕೆ ಬೇಕು.

ಸಹಾಯಗಳಲ್ಲೆಲ್ಲ ಮೊದಲನೆಯದು ಸೀಟೇ ಎಂಬುದನ್ನು ಗೃಹಸ್ಥರು ಮರೆಯುವರು. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ 371(ಜೆ) ವಿಧಿಯ ಮೇರೆಗೆ, ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸ್ಥಾನಗಳು ಈ ಪ್ರಾಂತದ ಮಕ್ಕಳಿಗೆ ಮೀಸಲಾಗಿವೆ. ಸರಕಾರಿ ಕೋಟಾದ ಸೀಟಿಗೂ ಆಡಳಿತ ಮಂಡಳಿಯ ಸೀಟಿಗೂ ಶುಲ್ಕದಲ್ಲಿ ಅಜಗಜಾಂತರ. ಅದಕ್ಕೆ ಬೇಕಾದ ಅರ್ಹತಾಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಪ್ರವೇಶಕಾಲಕ್ಕೆ ಮುಂಚಿತವಾಗಿಯೇ ಪಡೆದಿರತಕ್ಕದ್ದು.

ಎರಡನೆಯದು ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲು. ಆಧಾರ್, ತಹಶೀಲದಾರರು ಕೊಟ್ಟ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್.ಡಿ. ಸಂಖ್ಯೆ, ಕಾಲೇಜಿನ ನೋಂದಣಿ, ಶುಲ್ಕದ ರಸೀದಿ—ಇವಿಷ್ಟು ಕೈಯಲ್ಲಿರಬೇಕು. ವಸತಿನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ಮಕ್ಕಳಿಗೆ ‘ವಿದ್ಯಾಸಿರಿ’ ಯೋಜನೆಯಲ್ಲಿ ಹತ್ತು ತಿಂಗಳು ಊಟವಸತಿಯ ನೆರವುಂಟು. ಹತ್ತನೆಯ ತರಗತಿ, ಪಿ.ಯು.ಸಿ. ಎರಡನ್ನೂ ಸರಕಾರಿ ಶಾಲೆಗಳಲ್ಲಿ ಮುಗಿಸಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ವರ್ಷಕ್ಕೆ 30,000 ರೂಪಾಯಿಯ ವೇತನವೂ 2025ರಿಂದ ನಮ್ಮ ರಾಜ್ಯಕ್ಕೆ ಬಂದಿದೆ.

ಇಲ್ಲಿ ನಮ್ಮ ಅಪರಾಧವೊಂದನ್ನು ಹೇಳಲೇಬೇಕು. ಔರಾದ ತಾಲೂಕಿನ ಹುಡುಗಿಯೊಬ್ಬಳ ಅರ್ಜಿಯನ್ನು ನಾವೇ ಎದುರು ಕುಳಿತು ತುಂಬಿಸಿದೆವು. ಅಂಕಪಟ್ಟಿಯಲ್ಲಿದ್ದ ಹೆಸರಿಗೂ ಆಧಾರಿನಲ್ಲಿದ್ದ ಹೆಸರಿಗೂ ಒಂದಕ್ಷರದ ಭೇದ. ಅವಳು ತೋರಿಸಿದಳು, ನಾವು “ಇರಲಿ, ಒಂದಕ್ಷರವಲ್ಲವೆ?” ಎಂದೆವು. ಹ್ರಸ್ವದೀರ್ಘಗಳಿಗಾಗಿ ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದ ನಾವು! ಅರ್ಜಿಯು ಅಲ್ಲಿಯೇ ನಿಂತಿತು. ತಿದ್ದಿಸುವಷ್ಟರಲ್ಲಿ ಅವಧಿಯು ಮೀರಿತು. ಆ ವರ್ಷದ ಶುಲ್ಕಕ್ಕಾಗಿ ಅವಳ ತಂದೆಯು ಕರೆಯುವ ಎಮ್ಮೆಯನ್ನು ಮಾರಿದನು.

ಇನ್ನೊಂದು ಸೂಕ್ಷ್ಮವುಂಟು. ಹಣವು ಪಾಸ್‌ಬುಕ್ಕಿನ ಮೇಲೆ ನಾವು ಬೆರಳಿಟ್ಟು ತೋರಿಸಿದ ಖಾತೆಗೆ ಹೋಗುವದಿಲ್ಲ. ಆಧಾರಿಗೆ ಕಡೆಯದಾಗಿ ಜೋಡಣೆಯಾದ ಖಾತೆಗೆ ಹೋಗುವದು. ಅದು ಯಾವದೆಂದು ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಬೇಕು.

ಸಾಲವೆಂದರೆ ನಮ್ಮವರು ಬೆಚ್ಚುವರು; ಎತ್ತು ಮಾರಲು ಅಂಜದವರು ಬ್ಯಾಂಕಿನ ಮೆಟ್ಟಿಲಿಗೆ ಅಂಜುವರು! ಸಾಮಾನ್ಯವಾಗಿ 4 ಲಕ್ಷದವರೆಗಿನ ವಿದ್ಯಾಸಾಲಕ್ಕೆ ಹೊಲಮನೆಯ ಅಡವು ಬೇಡ. ವ್ಯಾಸಂಗ ಮುಗಿದು ಒಂದು ವರ್ಷವಾದ ಮೇಲೆ ಕಂತು ಆರಂಭವಾಗುವದು. 2024ರ ನವೆಂಬರದಲ್ಲಿ ಕೇಂದ್ರವು ಒಪ್ಪಿದ ‘ಪಿ.ಎಂ. ವಿದ್ಯಾಲಕ್ಷ್ಮಿ’ಯಲ್ಲಿ, ವರ್ಷಕ್ಕೆ 8 ಲಕ್ಷದೊಳಗೆ ಆದಾಯವುಳ್ಳ ಮನೆಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ನೂರಕ್ಕೆ 3ರ ರಿಯಾಯಿತಿಯುಂಟು. ಆದರೆ ಇದು ಆಯ್ದ ಸಂಸ್ಥೆಗಳಿಗಷ್ಟೇ. ಮಗುವಿನ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ನೋಡಿಯೇ ನೆಚ್ಚತಕ್ಕದ್ದು.

ಮರುವರ್ಷ ಆ ಹುಡುಗಿಯು ಆಧಾರನ್ನು ತಿದ್ದಿಸಿಕೊಂಡು ನಮ್ಮಲ್ಲಿಗೆ ಬಂದಳು. ಕಾಗದಗಳನ್ನು ತೋರಿಸಿದಳು, ಚಹ ಕುಡಿದಳು. ಅರ್ಜಿಯನ್ನು ಮಾತ್ರ ತಾನೇ ತುಂಬಿದಳು.