21 ದಿನದ ಶಿಬಿರಕ್ಕೆ ಹೋದರೆ ವ್ಯಾಯಾಮ ತಾನಾಗಿಯೇ ಅಭ್ಯಾಸವಾಗುತ್ತದೆಯೇ?

ಬೇಸಿಗೆ ರಜೆ ಬಂತೆಂದರೆ ಸಣ್ಣ ಊರುಗಳ ವಾಟ್ಸಾಪ್ ಗುಂಪುಗಳಲ್ಲಿ ಶಿಬಿರಗಳ ಪೋಸ್ಟರ್‌ಗಳು ಹರಿದಾಡುತ್ತವೆ. ಶಾಲಾ ಮೈದಾನದಲ್ಲಿ ಯೋಗ, ಸಮುದಾಯ ಭವನದಲ್ಲಿ ಜುಂಬಾ, ಮಕ್ಕಳಿಗೆ ನಾಟಕ, ಚಿತ್ರಕಲೆ. ಜೊತೆಗೆ, ಯಾವುದನ್ನೇ ಆಗಲಿ 21 ದಿನ ಮಾಡಿದರೆ ಅದು ಜೀವನಪೂರ್ತಿ ಅಭ್ಯಾಸವಾಗುತ್ತದೆ, ವಿಜ್ಞಾನವೇ ಹೇಳಿದೆ ಎಂಬ ಸಂದೇಶವೂ ಬರುತ್ತದೆ. ಇದು ನಿಜವೇ? ನೋಡೋಣ.

21 ದಿನದ ಲೆಕ್ಕ ಎಲ್ಲಿಂದ ಬಂತು?

ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನವಾದರೂ ಬೇಕಾಗುತ್ತದೆ ಎಂದು ಅವರು 1960ರ ‘ಸೈಕೋ-ಸೈಬರ್ನೆಟಿಕ್ಸ್’ ಪುಸ್ತಕದಲ್ಲಿ ಬರೆದರು. ಅದು ಒಬ್ಬ ವೈದ್ಯರು ಗಮನಿಸಿದ ಸಂಗತಿ, ಪ್ರಯೋಗದ ಫಲಿತಾಂಶವಲ್ಲ. ಬಾಯಿಂದ ಬಾಯಿಗೆ ಬರುವಾಗ ‘ಕನಿಷ್ಠ’ ಎಂಬ ಮಾತು ಬಿದ್ದುಹೋಗಿ ‘21 ದಿನ ಸಾಕು’ ಎಂದಾಯಿತು.

ಹಾಗಾದರೆ ಎಷ್ಟು ದಿನ ಬೇಕು?

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದರು. ಪ್ರತಿಯೊಬ್ಬರೂ ತಿನ್ನುವ, ಕುಡಿಯುವ ಅಥವಾ ವ್ಯಾಯಾಮಕ್ಕೆ ಸಂಬಂಧಿಸಿದ ಒಂದು ಹೊಸ ಅಭ್ಯಾಸವನ್ನು ಆರಿಸಿಕೊಂಡಿದ್ದರು. 2010ರಲ್ಲಿ ಪ್ರಕಟವಾದ ಈ ಅಧ್ಯಯನದ ಲೆಕ್ಕದಲ್ಲಿ, ಅದು ಯೋಚಿಸದೆ ಮಾಡುವಷ್ಟು ರೂಢಿಯಾಗಲು ಸುಮಾರು 66 ದಿನ ಬೇಕು. ಆದರೆ ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾಗಬಹುದು ಎಂದು ಅಂದಾಜಿಸಲಾಯಿತು. ವ್ಯಾಯಾಮಕ್ಕೆ ಹೆಚ್ಚು ಸಮಯ ಬೇಕಾಯಿತು. ಒಂದು ಸಮಾಧಾನದ ಸಂಗತಿಯೂ ಇದೆ: ನಡುವೆ ಒಂದು ದಿನ ತಪ್ಪಿದರೆ ಮಾಡಿದ್ದೆಲ್ಲ ವ್ಯರ್ಥವಾಗುವುದಿಲ್ಲ.

ಅಂದರೆ ಶಿಬಿರಕ್ಕೆ ಹೋಗುವುದು ದಂಡವೇ?

ಖಂಡಿತ ಅಲ್ಲ. ಜಿಮ್ ಇಲ್ಲದ, ಹೆಂಗಸರು ಒಬ್ಬರೇ ವಾಕಿಂಗ್ ಹೋಗಲು ಮುಜುಗರಪಡುವ ಊರಿನಲ್ಲಿ ಶಿಬಿರ ಒಂದು ನೆಪ, ಒಂದು ಧೈರ್ಯ. ವರ್ಷದ ಫೀಸು ಕಟ್ಟುವ ಮೊದಲೇ ಯೋಗ ಹಿಡಿಸುತ್ತದೋ ಕುಣಿತ ಹಿಡಿಸುತ್ತದೋ ಎಂದು ತಿಳಿಯುತ್ತದೆ. ಜೊತೆಗೆ ಬರುವವರೂ ಸಿಗುತ್ತಾರೆ.

ತೊಂದರೆ ಶುರುವಾಗುವುದು 22ನೇ ದಿನ. ಸಮಾರೋಪ ಮುಗಿದು, ಶಾಮಿಯಾನ ಬಿಚ್ಚಿ, ತರಬೇತುದಾರರು ಊರು ಬಿಟ್ಟ ಮೇಲೆ ಮುಂದೇನು? ವ್ಯಾಯಾಮ ನಿಲ್ಲಿಸಿದರೆ ಗಳಿಸಿದ ದಮ್ಮು ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಬಿರುಸಿನ ನಡಿಗೆ. ಇದು ವರ್ಷದ ಎಲ್ಲ ವಾರಗಳಿಗೂ ಅನ್ವಯಿಸುತ್ತದೆ, ಬರೀ ಮೂರು ವಾರಕ್ಕಲ್ಲ.

ಶಿಬಿರ ಮುಗಿಯುವ ಮೊದಲೇ ಏನು ಮಾಡಬಹುದು?

• ಮುಂದೆಯೂ ಸೇರುವ ಜಾಗ, ಹೊತ್ತು ಗೊತ್ತುಮಾಡಿಕೊಳ್ಳಿ. ಒಂದೇ ಜಾಗ, ಒಂದೇ ಹೊತ್ತು ಇದ್ದರೆ ರೂಢಿಯಾಗುವುದು ಸುಲಭ.
• ನಿಮ್ಮ ಬೀದಿಯ ಇಬ್ಬರು ಮೂವರನ್ನು ಜೊತೆ ಮಾಡಿಕೊಳ್ಳಿ.
• ಆಯೋಜಕರಾಗಿದ್ದರೆ, ಶಿಬಿರದ ನಂತರ ವಾರಕ್ಕೊಮ್ಮೆಯಾದರೂ ಎಲ್ಲರೂ ಸೇರುವಂತೆ ಮಾಡಿ. ಇಂಗ್ಲೆಂಡಿನಲ್ಲಿ 2004ರಲ್ಲಿ 13 ಓಟಗಾರರಿಂದ ಶುರುವಾದ ‘ಪಾರ್ಕ್‌ರನ್’ ಇಂದು ಹಲವು ದೇಶಗಳಲ್ಲಿದೆ. ಅದರ ಗುಟ್ಟು ಇಷ್ಟೇ: ಉಚಿತ, ಸ್ವಯಂಸೇವಕರದ್ದೇ ಓಡಾಟ, ಪ್ರತಿ ವಾರ ತಪ್ಪದೆ.

ಮಾತ್ರೆ ಮಾತ್ರ ಬಿಡಬೇಡಿ

ಶಿಬಿರದಲ್ಲಿ ಮೈ ಹಗುರವಾಯಿತೆಂದು ಬಿಪಿ, ಶುಗರ್ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ವ್ಯಾಯಾಮದಿಂದ ಇವೆರಡೂ ಹತೋಟಿಗೆ ಬರಲು ನೆರವಾಗುತ್ತದೆ, ನಿಜ. ಆದರೆ ಡೋಸ್ ಕಡಿಮೆ ಮಾಡಬೇಕೋ ಬೇಡವೋ ಎಂದು ಪರೀಕ್ಷೆ ಮಾಡಿ ಹೇಳಬೇಕಾದವರು ವೈದ್ಯರು. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಸೇರುವ ಮೊದಲೇ ವೈದ್ಯರನ್ನು ಕೇಳಿ.

ಒಟ್ಟಿನಲ್ಲಿ, ‘21 ದಿನ ಸಾಕು’ ಎಂಬುದಕ್ಕೆ ಆಧಾರವಿಲ್ಲ. ಆ ಸಂದೇಶ ನಿಮ್ಮ ಗುಂಪಿಗೆ ಬಂದರೆ, ‘ಶಿಬಿರಕ್ಕೆ ಬನ್ನಿ, 22ನೇ ದಿನ ಎಲ್ಲಿ ಸೇರೋಣ ಅಂತಲೂ ಹೇಳಿ’ ಎಂದು ಸೇರಿಸಿ ಕಳಿಸಿ.