ಸುತ್ತಿ ಹೋದರೇ ಹತ್ತಿರ

ಗ್ರಂಥಾಲಯದ ಕಪಾಟಿನಲ್ಲಿ ಕಲ್ಕತ್ತಾ ಮ್ಯಾಥಮ್ಯಾಟಿಕಲ್ ಸೊಸೈಟಿಯ ಬುಲೆಟಿನ್ ಕಣ್ಣಿಗೆ ಬಿತ್ತು. 37ನೇ ಸಂಪುಟ, 1945. ಎಷ್ಟು ವರ್ಷಗಳಿಂದ ಹೆಸರು ಕೇಳಿದ್ದ ಪ್ರಬಂಧ! 81ನೇ ಪುಟಕ್ಕೆ ಶುರುವಾಗಿ 91ಕ್ಕೆ ಮುಗಿಯುತ್ತದೆ. ನಿಂತಲ್ಲೇ ಓದತೊಡಗಿದೆ.

ಬರೆದವರು ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. ಪಕ್ಷಪಾತವಿಲ್ಲದ ಯಾವ ಅಂದಾಜಿನ ನಿಖರತೆಗೂ ಒಂದು ಎಲ್ಲೆಯಿದೆ ಎನ್ನುವ ಕ್ರಾಮರ್–ರಾವ್ ಮಿತಿ ಸಂಖ್ಯಾಶಾಸ್ತ್ರ ಓದಿದವರಿಗೆಲ್ಲ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ, ಪಾಠಗಳಲ್ಲಿ ಅಷ್ಟಾಗಿ ಬಾರದ ಈ ಪ್ರಬಂಧದ ಜ್ಯಾಮಿತಿ. ಸಂಭವನೀಯತೆಯ ಒಂದೊಂದು ವಿತರಣೆಯನ್ನೂ ಒಂದೊಂದು ಬಿಂದು ಎಂದುಕೊಂಡು, ಸಂಖ್ಯಾಶಾಸ್ತ್ರಜ್ಞ ಫಿಶರ್ ಹೇಳಿದ 'ಮಾಹಿತಿ'ಯನ್ನೇ ಅಳತೆಗೋಲು ಮಾಡಿ, ಬಿಂದುಗಳ ನಡುವಿನ ದೂರ ಅಳೆದರು ರಾವ್.

ಒಂದು ತಕ್ಕಡಿ ಸರಾಸರಿ 100 ಗ್ರಾಂ ತೋರಿಸುತ್ತದೆ, ಇನ್ನೊಂದು 110. ಎರಡರ ತೂಕದಲ್ಲೂ ಹರವು 1 ಗ್ರಾಂ. ಇವೇ ನಮ್ಮ ಎರಡು ಬಿಂದುಗಳು ಎನ್ನಿ. ಸರಾಸರಿಯ ವ್ಯತ್ಯಾಸವನ್ನು ಹರವಿನಿಂದ ಭಾಗಿಸಿದರೆ, ಹರವು ಬದಲಿಸದೆ ನೇರ ನಡೆದ ದಾರಿಯ ಉದ್ದ 10. ಇದಕ್ಕಿಂತ ಹತ್ತಿರದ ದಾರಿ ಇರಲಾರದು ಅನ್ನಿಸುತ್ತದಲ್ಲವೆ? ಇದೆ! ಮನೆಗೆ ಬಂದು ಗ್ರಾಫ್ ಹಾಳೆಯ ಮೇಲೆ ಗೀಚಿ ನೋಡಿದೆ. ಅಡ್ಡಕ್ಕೆ ಸರಾಸರಿ, ಉದ್ದಕ್ಕೆ ಹರವು. ಹತ್ತಿರದ ದಾರಿ ಕಮಾನಿನಂತೆ ಮೇಲೇರುತ್ತದೆ. ನಟ್ಟನಡುವೆ ಹರವು ಸುಮಾರು 3.7 ಗ್ರಾಂ ತಲುಪಿ, ಮತ್ತೆ 1ಕ್ಕೆ ಇಳಿಯುತ್ತದೆ. ಉದ್ದ ಬರೀ 5.6! ಹರವು ಹೆಚ್ಚಿದಲ್ಲಿ ಅಕ್ಕಪಕ್ಕದ ಸರಾಸರಿಗಳನ್ನು ಬೇರೆ ಮಾಡಿ ಗುರುತಿಸುವುದು ಕಷ್ಟ. ಹಾಗಾಗಿ ಅಲ್ಲಿ ಅವುಗಳ ನಡುವಿನ ದೂರವೂ ಕಡಿಮೆ. ಮೇಲೇರಿ ಇಳಿಯುವ ಖರ್ಚು ಸೇರಿಸಿಯೂ ಇದೇ ಲಾಭ. ಮೂರು ಸಲ ಲೆಕ್ಕ ಹಾಕಿದೆ, ಅದೇ ಉತ್ತರ. ಸಮತಲದಲ್ಲಿ ಸರಳರೇಖೆಯೇ ಹತ್ತಿರ ಎಂದು ಕಲಿತ ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮಿತಿ ಬೇಗ ಪಠ್ಯವಾಯಿತು, ಜ್ಯಾಮಿತಿ ಕಾಯಬೇಕಾಯಿತು. 1972ರಲ್ಲಿ ರಷ್ಯಾದ ಚೆಂತ್ಸೋವ್, 1975ರಲ್ಲಿ ಅಮೆರಿಕದ ಎಫ್ರಾನ್, ಆಮೇಲೆ ಜಪಾನಿನ ಅಮಾರಿ ಅದನ್ನು ಬೆಳೆಸಿದರು. ಇಂದು ಅದು 'ಮಾಹಿತಿ ಜ್ಯಾಮಿತಿ'. 2023ರಲ್ಲಿ, 102ರ ಹರೆಯದಲ್ಲಿ, ರಾವ್ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ಆಗಸ್ಟ್‌ನಲ್ಲಿ ತೀರಿಕೊಂಡರು.

ನನ್ನ ಮಟ್ಟಿಗೆ ಆ 11 ಪುಟಗಳ ನಿಜವಾದ ಸಂಪತ್ತು ಈ ಕಮಾನು. ಹಡಗಲಿಯ ಮಕ್ಕಳು ಮಲ್ಲಿಗೆಯ ಜೊತೆಗೆ ಇದನ್ನೂ ತಮ್ಮೂರಿನದೆಂದು ಹೇಳಿಕೊಳ್ಳಬೇಕು. ಒಂದು ಗ್ರಾಫ್ ಹಾಳೆ, ಒಂದು ಪೆನ್ಸಿಲ್ ಸಾಕು.